ಅಡೂರಿನ ಬಾವಿಯಲ್ಲಿ ಸಿಕ್ಕಿದ ಉರುಟು ಕಲ್ಲು ಹಿಮನದಿಯದ್ದಾ?

ಪ್ರಶ್ನೆ: ನಮ್ಮ ತೋಟ ಕಾಸರಗೋಡಿನ ಅಡೂರಿನಲ್ಲಿ, ಪಯಸ್ವಿನಿ ಹೊಳೆಯಿಂದ ಸ್ವಲ್ಪ ಎತ್ತರದಲ್ಲಿದೆ. ಬಾವಿ ತೋಡಿಸುವಾಗ ಆರು ಕೋಲು ಆಳದಲ್ಲಿ ಉರುಟು ಕಲ್ಲುಗಳ ಪದರ ಸಿಕ್ಕಿತು. ಹಿಮಾಚಲಕ್ಕೆ ಹೋಗಿ ಬಂದ ಮಗ, "ಅಲ್ಲಿ ಹಿಮನದಿ ತಂದು ಹಾಕಿದ ಕಲ್ಲಿನ ರಾಶಿಯೂ ಹೀಗೇ ಇದೆ" ಎನ್ನುತ್ತಾನೆ. ನಮ್ಮಲ್ಲೂ ಹಿಂದೆ ಹಿಮ ಇತ್ತಾ ಸರ್? ಇನ್ನೊಂದು ಸಂಶಯ. ನೆರೆ ಇಳಿದ ಮೇಲೆ ತೋಟದಲ್ಲಿ ಬರೀ ಕೆಸರು ಉಳಿಯುತ್ತದೆ. ಹೊಯ್ಗೆ (ಮರಳು) ಯಾಕೆ ಬರುವುದಿಲ್ಲ?
– ಅಡೂರಿನ ಒಬ್ಬ ಅಡಿಕೆ ಕೃಷಿಕರು

ಉತ್ತರ: ನಿಮ್ಮ ಬಾವಿಯ ಕಲ್ಲು ಹೊಳೆಯದ್ದೇ. ಕಲ್ಲು ನೋಡದೆಯೂ ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಮಗ ಹಿಮಾಚಲದಲ್ಲಿ ತೆಗೆದ ಫೋಟೋ ಇದ್ದರೆ ಇನ್ನೊಮ್ಮೆ ನೋಡಲಿ. ಹಿಮನದಿಗೆ ಆರಿಸುವ ಅಭ್ಯಾಸ ಇಲ್ಲ. ಮನೆ ಗಾತ್ರದ ಬಂಡೆ, ಮುಷ್ಟಿ ಗಾತ್ರದ ಕಲ್ಲು, ನುಣ್ಣನೆ ಪುಡಿ ಎಲ್ಲವನ್ನೂ ಒಟ್ಟಿಗೆ ಹೊತ್ತು ತಂದು, ಕರಗುವ ಜಾಗದಲ್ಲಿ ಹಾಗೇ ಸುರಿಯುತ್ತದೆ. ಆ ಕಲ್ಲುಗಳ ಮೂಲೆ ಸ್ವಲ್ಪ ಮೊಂಡಾಗಿರುತ್ತದೆ, ಪೂರ್ತಿ ಉರುಟಾಗಿರುವುದು ಕಡಿಮೆ. ಕೆಲವು ಕಲ್ಲುಗಳ ಚಪ್ಪಟೆ ಮುಖದಲ್ಲಿ ಒಂದೇ ದಿಕ್ಕಿನ ಗೀರುಗಳಿರುತ್ತವೆ. ಮಂಜುಗಡ್ಡೆಯ ಅಡಿಗೆ ಸಿಕ್ಕಿ, ಬಂಡೆಗೆ ಉಜ್ಜಿಕೊಂಡು ಬಂದದ್ದರ ಗುರುತು ಅದು.

ಹೊಳೆ ಹಾಗಲ್ಲ, ಅದು ಗಾತ್ರ ನೋಡಿ ಬೇರೆ ಮಾಡುತ್ತದೆ. ನೀರಿನ ವೇಗ ಕಡಿಮೆಯಾದ ಹಾಗೆ ಮೊದಲು ದೊಡ್ಡ ಕಲ್ಲು, ಆಮೇಲೆ ಜಲ್ಲಿ, ಆಮೇಲೆ ಹೊಯ್ಗೆ ನಿಲ್ಲುತ್ತದೆ. ಬಾವಿಗೆ ಕಲ್ಲು ಕಟ್ಟಿಸುವ ಮೊದಲು ಒಮ್ಮೆ ಇಳಿದು ಆ ಪದರವನ್ನು ನೋಡಿ. ಕಲ್ಲುಗಳು ಹೆಚ್ಚುಕಡಿಮೆ ಒಂದೇ ಅಳತೆಯವಾ? ಚಪ್ಪಟೆಯವು ಹಂಚು ಹೊದೆಸಿದ ಹಾಗೆ ಒಂದಕ್ಕೊಂದು ಒರಗಿ, ಹೊಳೆ ಬರುವ ದಿಕ್ಕಿಗೆ ಇಳಿಜಾರಾಗಿವೆಯಾ? ಹಾಗಿದ್ದರೆ ಪಯಸ್ವಿನಿ ಒಂದು ಕಾಲದಲ್ಲಿ ನಿಮ್ಮ ತೋಟದ ಜಾಗದಲ್ಲೇ ಹರಿಯುತ್ತಿತ್ತು.

ಯಾವಾಗ ಎಂದು ತಿಳಿಯುವ ದಾರಿಯೂ ಇದೆ. ಕಲ್ಲುಗಳ ಸಂದಿಯ ಹೊಯ್ಗೆಯನ್ನು ಬೆಳಕು ತಾಗದ ಹಾಗೆ ಕಬ್ಬಿಣದ ಪೈಪಿನಲ್ಲಿ ತೆಗೆಯುತ್ತೇವೆ. ಮಣ್ಣಿನಡಿ ಹೂತ ಸ್ಫಟಿಕದ ಕಣಗಳು ಸುತ್ತಲಿನ ಸಹಜ ವಿಕಿರಣವನ್ನು ಒಳಗೇ ಕೂಡಿಸಿಡುತ್ತವೆ. ಲ್ಯಾಬಿನಲ್ಲಿ ಅದಕ್ಕೆ ಬೆಳಕು ಹಾಯಿಸಿದರೆ ಸಣ್ಣದೊಂದು ಮಿನುಗು ಹೊರಗೆ ಬರುತ್ತದೆ. ಅದನ್ನು ಅಳೆದರೆ ಆ ಕಣ ಕೊನೆಗೆ ಬಿಸಿಲು ಕಂಡದ್ದು ಎಷ್ಟು ವರ್ಷದ ಹಿಂದೆ ಎಂದು ಲೆಕ್ಕ ಸಿಗುತ್ತದೆ. ಪೈಪ್ ಹಗಲಲ್ಲಿ ತೆರೆದರೆ ಮುಗಿಯಿತು, ಎಲ್ಲ ವ್ಯರ್ಥ.

ಇನ್ನು ಹಿಮದ ಮಾತು. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತ ದಕ್ಷಿಣ ಧ್ರುವದ ಹತ್ತಿರ ಇತ್ತು, ಇಲ್ಲಿ ಹಿಮನದಿಗಳೂ ಇದ್ದವು. ಒಡಿಶಾದ ತಾಲ್ಚೇರಿನಲ್ಲಿ ಅವು ಬಿಟ್ಟುಹೋದ ಬಂಡೆಗಳ ಪದರವನ್ನು 1856ರಲ್ಲೇ ಗುರುತಿಸಿದರು. ಮಹಾರಾಷ್ಟ್ರದ ಚಂದ್ರಪುರದ ಕಡೆ ಗೀರು ಬಿದ್ದ ಹಾಸುಬಂಡೆಯೂ ಇದೆ. ಕಾಸರಗೋಡಿನಲ್ಲಿ ಆ ಕಾಲದ ಪದರ ಇಲ್ಲ. ಇಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಅದಕ್ಕಿಂತ ಎಷ್ಟೋ ಹಳೆಯ ಗಟ್ಟಿ ಬಂಡೆ, ಅಷ್ಟೆ.

ಆದರೂ ಹಿಮ ನಿಮ್ಮ ಹೊಳೆಯನ್ನು ಮುಟ್ಟದೆ ಬಿಟ್ಟಿಲ್ಲ. ಸುಮಾರು 20,000 ವರ್ಷಗಳ ಹಿಂದೆ ಉತ್ತರ ಅಮೆರಿಕ, ಯುರೋಪುಗಳ ಮೇಲೆ ಭಾರೀ ಮಂಜುಗಡ್ಡೆ ಕೂತಿತ್ತು. ಅಷ್ಟು ನೀರು ನೆಲದ ಮೇಲೆ ಹೆಪ್ಪುಗಟ್ಟಿದ್ದರಿಂದ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನಮ್ಮ ಕಡಲತೀರ ಪಶ್ಚಿಮಕ್ಕೆ ಎಷ್ಟೋ ದೂರ ಸರಿದಿತ್ತು. ಕರಾವಳಿಯ ಹೊಳೆಗಳು ಅಲ್ಲಿಯ ತನಕ ಹರಿಯಬೇಕಿತ್ತು, ಕೆಳಭಾಗದಲ್ಲಿ ಪಾತ್ರವನ್ನು ಆಳವಾಗಿ ಕೊರೆದವು. ಮಂಜು ಕರಗಿದಾಗ ಸಮುದ್ರ ಏರಿ ಆ ಕಣಿವೆಗಳೊಳಗೆ ನುಗ್ಗಿತು. ಸುಮಾರು 7,000 ವರ್ಷಗಳ ಹಿಂದೆ ಈಗಿನ ಮಟ್ಟದ ಹತ್ತಿರ ಬಂದು ನಿಂತಿತು. ನಿಮ್ಮ ಪಯಸ್ವಿನಿಯೇ ಕೆಳಗೆ ಚಂದ್ರಗಿರಿ ಹೊಳೆ. ಚಂದ್ರಗಿರಿ ಕೋಟೆಯಿಂದ ಕಾಣುವ ಆ ಅಗಲ ಹೊಳೆ, ಅದರೊಳಗೆ ಏರಿ ಬರುವ ಉಪ್ಪುನೀರು ಎಲ್ಲ ಹೀಗೆ ಮುಳುಗಿದ ಕಣಿವೆಯ ಲಕ್ಷಣಗಳು. ಮಗನಿಗೆ ಹೇಳಿ, ಹಿಮದ ಗುರುತು ಹುಡುಕುವುದಾದರೆ ಬಾವಿಯಲ್ಲಿ ಬೇಡ, ಅಳಿವೆಯ ಹತ್ತಿರ ಹುಡುಕಲಿ.

ಕೆಸರಿನ ವಿಷಯ ಸುಲಭ. ಹೊಯ್ಗೆ ಹೆಚ್ಚಾಗಿ ಹೊಳೆಯ ತಳಕ್ಕೆ ಹತ್ತಿರವಾಗಿ ಉರುಳುತ್ತಾ, ಹಾರುತ್ತಾ ಹೋಗುತ್ತದೆ. ನೆರೆ ದಡ ಮೀರಿದ ಕೂಡಲೇ ವೇಗ ಇಳಿಯುತ್ತದೆ, ಹೊಯ್ಗೆ ದಡದಲ್ಲೇ ಬೀಳುತ್ತದೆ. ನೀರಿನಲ್ಲಿ ತೇಲುವ ಸಣ್ಣ ಕಣ ಮಾತ್ರ ತೋಟದವರೆಗೆ ಬಂದು, ನೀರು ನಿಂತಾಗ ನಿಧಾನಕ್ಕೆ ತಳಕ್ಕೆ ಕೂರುತ್ತದೆ. ಕೂತ ಮೇಲೆ ಏಳಿಸುವುದೂ ಕಷ್ಟ. ಸ್ವೀಡನ್ನಿನ ವಿಜ್ಞಾನಿ ಹ್ಯೂಲ್‌ಸ್ಟ್ರೋಮ್ 1935ರಲ್ಲಿ ತೋರಿಸಿದ್ದು ಇದನ್ನೇ. ಹೊಯ್ಗೆಯ ಕಣವನ್ನು ಎಬ್ಬಿಸಲು ಬೇಕಾದ ವೇಗಕ್ಕಿಂತ ಅಂಟಿಕೊಂಡ ಜೇಡಿಯನ್ನು ಎಬ್ಬಿಸಲು ಜಾಸ್ತಿ ವೇಗ ಬೇಕು. ಹೊಯ್ಗೆ ಬರಲಿಲ್ಲ ಎಂದು ಬೇಸರ ಬೇಡ. ಅದು ತೋಟದ ಮೇಲೆ ಹರಡಿದ್ದರೆ ನೀವು ಬೇರೆಯೇ ಪತ್ರ ಬರೆಯುತ್ತಿದ್ದಿರಿ. ಅದು ಹೊಳೆಯಲ್ಲೇ ಇರಲಿ. ತಳದ ಹೊಯ್ಗೆ ತೆಗೆದಷ್ಟೂ ಪಾತ್ರ ಆಳವಾಗುತ್ತದೆ, ಬೇಸಿಗೆಯಲ್ಲಿ ದಡದ ಬಾವಿಗಳ ನೀರೂ ಅದರ ಜೊತೆಗೇ ಇಳಿಯುತ್ತದೆ.