ಬಂಡವಾಳ ಪ್ರಶ್ನೋತ್ತರ: ಮೌಲ್ಯ ನೋಡುವ ಮೊದಲು ಷರತ್ತು ನೋಡಿ

ಪ್ರಶ್ನೆ: ವೆಂಚರ್ ಕ್ಯಾಪಿಟಲ್ (ಪಾಲು ಪಡೆದು ನವೋದ್ಯಮಗಳಿಗೆ ಹಾಕುವ ಬಂಡವಾಳ) ಮತ್ತೆ ಚಿಗುರಿದೆ ಎಂದು ಎಲ್ಲೆಡೆ ಸುದ್ದಿ. ನಾವು ಆಸ್ಪತ್ರೆಗಳ ಔಷಧ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ ಮಾಡುತ್ತೇವೆ. ಗ್ರಾಹಕರಿದ್ದಾರೆ, ಆದಾಯವೂ ಇದೆ. ಏಳು ತಿಂಗಳಲ್ಲಿ ಮೂವತ್ತು ಹೂಡಿಕೆದಾರರನ್ನು ಕಂಡೆವು. ಎಲ್ಲರದೂ ಒಂದೇ ಮಾತು: ‘ಮುಂದಿನ ಬಂಡವಾಳ ಸಂಗ್ರಹದ ಸುತ್ತಿನಲ್ಲಿ ನೋಡೋಣ.’ ತಪ್ಪು ನಮ್ಮದೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ತಪ್ಪು ನಿಮ್ಮದೆನಿಸುವುದಿಲ್ಲ. ಸುದ್ದಿಯೂ ಸುಳ್ಳಲ್ಲ. ಹರಿಯುತ್ತಿರುವ ಒಟ್ಟು ಹಣ ಹೆಚ್ಚಿದೆ, ಅದು ಸೇರುತ್ತಿರುವ ಕೈಗಳು ಮಾತ್ರ ಕಡಿಮೆಯಾಗಿವೆ. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯ ಎಐ ಕಂಪನಿ ಓಪನ್‌ಎಐ ಪ್ರಕಟಿಸಿದ ಒಂದೇ ಸುತ್ತಿನ ಗಾತ್ರ 4,000 ಕೋಟಿ ಡಾಲರ್. ಇಂಥದ್ದೊಂದು ಸುತ್ತು ಇಡೀ ತ್ರೈಮಾಸಿಕದ ಅಂಕಿಯನ್ನು ಮೇಲೆತ್ತುತ್ತದೆ. ಅದರಿಂದ ನಿಮ್ಮಂಥ ಕಂಪನಿಗೆ ಒಂದು ಡಾಲರೂ ಬರುವುದಿಲ್ಲ.

ಮೂಲ ಕಾರಣ ಇನ್ನೂ ಹಿಂದಿದೆ. 2021ರಲ್ಲಿ ಅಮೆರಿಕದ ಬಡ್ಡಿದರ ಸೊನ್ನೆಯ ಹತ್ತಿರವಿತ್ತು. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿನಿಧಿಗಳು ಲಾಭ ಹುಡುಕಿಕೊಂಡು ಇತ್ತ ಹರಿದವು. ಆ ಒಂದೇ ವರ್ಷ ಜಗತ್ತಿನಾದ್ಯಂತ 60,000 ಕೋಟಿ ಡಾಲರ್ ಮೀರಿ ಹೂಡಿಕೆಯಾಯಿತು. 2022ರ ಮಾರ್ಚ್‌ನಿಂದ ಏರತೊಡಗಿದ ಬಡ್ಡಿದರ 2023ರ ಜುಲೈಗೆ ಶೇ 5.25–5.5 ಮುಟ್ಟಿತು. ಷೇರು ಮಾರುಕಟ್ಟೆ ಪ್ರವೇಶದ ಬಾಗಿಲು ಬಹುತೇಕ ಮುಚ್ಚಿಕೊಂಡಿತು. ವೆಂಚರ್ ನಿಧಿಯ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಕಂಪನಿ ಮಾರಾಟವಾದರೆ ಅಥವಾ ಷೇರುಪೇಟೆಗೆ ಬಂದರೆ ಮಾತ್ರ ನಿಧಿಗೆ ದುಡ್ಡು ಕೊಟ್ಟವರ ಕೈಗೆ ಏನಾದರೂ ಮರಳುತ್ತದೆ. ಹಳೆಯದು ಮರಳದೆ ಅವರು ಹೊಸ ನಿಧಿಗೆ ಕೊಡುವುದಿಲ್ಲ. ಮೊದಲು ಬತ್ತಿದ್ದು ಸಣ್ಣ ನಿಧಿಗಳು, ಅಂದರೆ ನಿಮ್ಮ ಗಾತ್ರದ ಕಂಪನಿಗಳ ಬಾಗಿಲಿಗೆ ಬರುತ್ತಿದ್ದವರೇ.

ಆದ್ದರಿಂದ ಮುಂದಿನ ಭೇಟಿಯಲ್ಲಿ ಮೊದಲ ಹತ್ತು ನಿಮಿಷದಲ್ಲೇ ಕೇಳಿ: ‘ನಿಮ್ಮ ಈಗಿನ ನಿಧಿ ಯಾವ ವರ್ಷದ್ದು? ಅದರಲ್ಲಿ ಹೊಸ ಕಂಪನಿಗಳಿಗೆಂದು ಎಷ್ಟು ಉಳಿದಿದೆ?’ ನಿಧಿಗಳು ಹೊಸ ಹೂಡಿಕೆಯನ್ನೆಲ್ಲ ಸಾಮಾನ್ಯವಾಗಿ ಮೊದಲ ಮೂರರಿಂದ ಐದು ವರ್ಷಗಳಲ್ಲಿ ಮುಗಿಸುತ್ತವೆ. ಉಳಿದದ್ದು ಹಳೆಯ ಕಂಪನಿಗಳಿಗೆ ಮೀಸಲು. ಹನ್ನೆರಡು ವರ್ಷ ಹೂಡಿಕೆದಾರರ ಪರ ವಕೀಲೆಯಾಗಿದ್ದಾಗ ನಾನು ಕಂಡದ್ದು ಇದು: ಕೈಯಲ್ಲಿ ದುಡ್ಡಿಲ್ಲದವರೂ ಭೇಟಿಗೆ ಬರುತ್ತಾರೆ, ಮಾರುಕಟ್ಟೆ ತಿಳಿದುಕೊಳ್ಳಲು. ನೀವು ಕಂಡ ಮೂವತ್ತರಲ್ಲಿ ಅಂಥವರು ಎಷ್ಟಿದ್ದರೋ! ಇನ್ನೊಂದು ಮಾತು. ಎಐ ಪದವನ್ನು ನಿಮ್ಮ ಮನವಿಗೆ ಸುಮ್ಮನೆ ಅಂಟಿಸಬೇಡಿ, ಎರಡನೇ ಭೇಟಿಯಲ್ಲೇ ಅದು ಕಳಚಿಬೀಳುತ್ತದೆ.

ಪ್ರಶ್ನೆ: 2021ರಲ್ಲಿ ನಮ್ಮ ಕಂಪನಿಗೆ 10 ಕೋಟಿ ಡಾಲರ್ ಮೌಲ್ಯ ಕಟ್ಟಿದ್ದರು. ಈಗ ಇಬ್ಬರು ತಲಾ 2 ಕೋಟಿ ಹಾಕಲು ಮುಂದೆ ಬಂದಿದ್ದಾರೆ. ಒಬ್ಬರು ನಮ್ಮ ಮೌಲ್ಯವನ್ನು 6 ಕೋಟಿಗೆ ಇಳಿಸುತ್ತಾರೆ, ಷರತ್ತುಗಳು ಸರಳ. ಇನ್ನೊಬ್ಬರು 10 ಕೋಟಿಯನ್ನೇ ಉಳಿಸುತ್ತಾರೆ, ಆದರೆ ಎರಡು ಪಟ್ಟು ಲಿಕ್ವಿಡೇಷನ್ ಪ್ರಿಫರೆನ್ಸ್ ಕೇಳುತ್ತಾರೆ, ಅಂದರೆ ಕಂಪನಿ ಮಾರಾಟವಾದಾಗ ಹಾಕಿದ ಹಣದ ಎರಡು ಪಟ್ಟನ್ನು ಎಲ್ಲರಿಗಿಂತ ಮೊದಲು ಪಡೆಯುವ ಹಕ್ಕು. ಮರ್ಯಾದೆ ಉಳಿಯುತ್ತದೆಂದು ಮಂಡಳಿ ಎರಡನೆಯದರ ಕಡೆ ವಾಲಿದೆ.

ಉತ್ತರ: ಮೊದಲನೆಯದನ್ನು ತೆಗೆದುಕೊಳ್ಳಿ. ಲೆಕ್ಕ ಹಾಕಿ ನೋಡೋಣ. ಕಂಪನಿ ಮುಂದೆ 5 ಕೋಟಿಗೆ ಮಾರಾಟವಾಯಿತು ಎನ್ನಿ. ಎರಡು ಪಟ್ಟಿನವರು ಮೊದಲು 4 ಕೋಟಿ ಎತ್ತಿಕೊಳ್ಳುತ್ತಾರೆ. ಮಿಕ್ಕವರಿಗೆಲ್ಲ ಸೇರಿ 1 ಕೋಟಿ. ಒಂದು ಪಟ್ಟಿನ ಸರಳ ಷರತ್ತಿನಲ್ಲಿ ಹೊಸಬರಿಗೆ 2 ಕೋಟಿ ಹೋಗಿ 3 ಕೋಟಿ ಉಳಿಯುತ್ತದೆ. 20 ಕೋಟಿಗೆ ಮಾರಾಟವಾದರೆ ಲೆಕ್ಕ ತಿರುಗುತ್ತದೆ ನಿಜ: 6 ಕೋಟಿಯ ಮೌಲ್ಯಕ್ಕೆ 2 ಕೋಟಿ ಸೇರಿಸಿದವರು ತಮ್ಮ ಶೇ 25ರ ಪಾಲಾಗಿ 5 ಕೋಟಿ ಒಯ್ಯುತ್ತಾರೆ, ಎರಡು ಪಟ್ಟಿನವರು 4 ಕೋಟಿ; ಆಗ ಎರಡನೆಯದರಲ್ಲಿ 16 ಕೋಟಿ, ಮೊದಲನೆಯದರಲ್ಲಿ 15 ಕೋಟಿ ಉಳಿಯುತ್ತದೆ. ಆ 1 ಕೋಟಿಯ ಆಸೆಗೆ ಕೆಟ್ಟ ದಿನದ 2 ಕೋಟಿಯನ್ನು ಪಣಕ್ಕಿಡುವುದೇ?

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಂದು ಕಂಪನಿ 3 ಕೋಟಿ ಡಾಲರಿಗೆ ಮಾರಾಟವಾಗಿತ್ತು. ಸ್ಥಾಪಕನ ಪಾಲು ಶೇ 30. 90 ಲಕ್ಷ ಬರುತ್ತದೆಂದು ಎಣಿಸಿಕೊಂಡೇ ಸಹಿಗೆ ಬಂದಿದ್ದ. ಹಂಚಿಕೆ ಪಟ್ಟಿಯ ಎರಡನೇ ಹಾಳೆ ತಿರುವಿದಾಗ ಅವನ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಹೂಡಿಕೆದಾರರು ಹಾಕಿದ್ದ 2 ಕೋಟಿ 80 ಲಕ್ಷ ಮೊದಲು ಹೊರಗೆ. ಉಳಿದ 20 ಲಕ್ಷದಲ್ಲಿ ಅವನಿಗೆ 15, ನೌಕರರಿಗೆಲ್ಲ ಸೇರಿ 5. ‘ಅವರಿಗೆ ನಾನೇನು ಹೇಳಲಿ?’ ಎಂದಷ್ಟೇ ಕೇಳಿದ. ಅದು ಬರೀ ಒಂದು ಪಟ್ಟಿನ ಷರತ್ತು. ಎರಡು ಪಟ್ಟಿನದಾಗಿದ್ದರೆ ಆ 20 ಲಕ್ಷವೂ ಇರುತ್ತಿರಲಿಲ್ಲ. ಆ ವರ್ಷದ ಕೊನೆಗೆ ನಾನು ಹೂಡಿಕೆದಾರರ ಪರ ಕೆಲಸ ಬಿಟ್ಟೆ. ಅಂದಿನಿಂದ ಸ್ಥಾಪಕರ ಪರವಾಗಿಯೇ ಒಪ್ಪಂದ ಓದುತ್ತಿದ್ದೇನೆ.

ಮೌಲ್ಯ ಇಳಿದರೆ ಮರ್ಯಾದೆ ಹೋಯಿತು ಎನ್ನುವ ಮಂಡಳಿಗೆ ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾವನ್ನು ತೋರಿಸಿ. 2021ರಲ್ಲಿ 4,560 ಕೋಟಿ ಡಾಲರ್ ಇದ್ದ ಅದರ ಮೌಲ್ಯ 2022ರ ಜುಲೈನಲ್ಲಿ 670 ಕೋಟಿಗೆ ಕುಸಿಯಿತು. ಆ ಕಂಪನಿ ಬದುಕಿತು, 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಬಂತು. ಆದರೆ ಸಹಿಗೆ ಮುನ್ನ ಹಳೆಯ ಒಪ್ಪಂದದಲ್ಲಿ ‘ಫುಲ್ ರ‍್ಯಾಚೆಟ್’ ಇದೆಯೇ ನೋಡಿ. ಇದ್ದರೆ ಬೆಲೆ ಇಳಿದೊಡನೆ ಹಳೆಯ ಹೂಡಿಕೆದಾರರ ಪಾಲು ಹಿಗ್ಗಿ ನಿಮ್ಮದು ಕರಗುತ್ತದೆ. ಆಗ ಮೊದಲು ಅವರನ್ನು ಒಪ್ಪಿಸಿ ಆ ಷರತ್ತು ತೆಗೆಸಬೇಕು.

ಪ್ರಶ್ನೆ: ಮುಂದಿನ ಒಂದೆರಡು ವರ್ಷ ಹೇಗಿದ್ದೀತು?

ಉತ್ತರ: ಷೇರುಪೇಟೆಯ ಬಾಗಿಲು ಎಷ್ಟು ಕಾಲ ತೆರೆದಿರುತ್ತದೆ ಎಂಬುದರ ಮೇಲೆ ನಿಂತಿದೆ. ವಿನ್ಯಾಸ ತಂತ್ರಾಂಶದ ಕಂಪನಿ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವ ಅಡೋಬಿ ಕಂಪನಿಯ ಯತ್ನ ನಿಯಂತ್ರಕರ ಆಕ್ಷೇಪದಿಂದ 2023ರ ಡಿಸೆಂಬರ್‌ನಲ್ಲಿ ಮುರಿದುಬಿತ್ತು. ಅದೇ ಫಿಗ್ಮಾ 2025ರ ಜುಲೈನಲ್ಲಿ ತಾನಾಗಿ ಷೇರುಪೇಟೆಗೆ ಬಂತು. ಇಂಥವು ಹತ್ತಾರು ಬಂದರೆ ಹಣ ಮರಳಿ ಸಣ್ಣ ನಿಧಿಗಳೂ ಉಸಿರಾಡುತ್ತವೆ. ನನ್ನ ಅಂಜಿಕೆ ಎಐ ಕುರಿತದ್ದು. ಇಷ್ಟು ಹಣ ಇಷ್ಟು ಕೆಲವೇ ಕಂಪನಿಗಳಲ್ಲಿ ಸೇರಿರುವಾಗ, ಅವುಗಳಲ್ಲೊಂದು ಎಡವಿದರೂ ಅದರ ಪೆಟ್ಟು ಆ ಕಂಪನಿಗಳ ಹೆಸರೇ ಕೇಳದ ಸ್ಥಾಪಕರಿಗೂ ತಗಲುತ್ತದೆ. ಹದಿನೆಂಟು ತಿಂಗಳಿಗೆ ಸಾಲುವಷ್ಟು ನಗದು ಕೈಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನವೋದ್ಯಮದ ನೌಕರಳು ನಾನು. ಸಂಬಳದ ಒಂದು ಭಾಗವಾಗಿ ಷೇರು ಆಯ್ಕೆ (ಮುಂದೆ ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಕೊಟ್ಟಿದ್ದಾರೆ. ನಂಬಬಹುದೇ?

ಉತ್ತರ: ಮೂರು ವಿಷಯ ಕೇಳಿ. ಹೂಡಿಕೆದಾರರಿಗೆ ಮೊದಲು ಹೋಗಬೇಕಾದ ಒಟ್ಟು ಮೊತ್ತ ಎಷ್ಟು? ನೀವು ಷೇರಿಗೆ ಕೊಡಬೇಕಾದ ಬೆಲೆ ಎಷ್ಟು? ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ? ಅನೇಕ ಕಡೆ ಬರೀ 90 ದಿನ. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ, ಅದೂ ರಾಜೀನಾಮೆ ಕೊಡುವ ಮೊದಲು.