ಪ್ಲಾಸ್ಟರ್ ಒಳಗಿನ ಸಕ್ಕರೆ ಕಾಲು: ರಕ್ತ ಹೆಪ್ಪುಗಟ್ಟುವ ಭಯ ಎಷ್ಟು, ಎಚ್ಚರ ಎಷ್ಟು?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಬಹಳ ವರ್ಷಗಳಿಂದ ಶುಗರ್ ಇದೆ. ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ ಹುಣ್ಣಾಗಿ ವಾಸಿಯಾಗದೆ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಪಕ್ಕದ ಮನೆಯವರಿಗೆ ಕಾಲು ಮುರಿದು ಪ್ಲಾಸ್ಟರ್ ಹಾಕಿದ್ದಾಗ ರಕ್ತ ಹೆಪ್ಪುಗಟ್ಟಿ ಐಸಿಯುಗೆ ಸೇರಿಸಬೇಕಾಯಿತು. ತಂದೆಯವರಿಗೆ ಹೆಪ್ಪುಗಟ್ಟದಂತೆ ಹೊಟ್ಟೆಗೆ ಕೊಡುವ ಇಂಜೆಕ್ಷನ್ ಯಾಕೆ ಬರೆದಿಲ್ಲ? ಪ್ಲಾಸ್ಟರ್ ಬಿಚ್ಚಿಸಿಬಿಡೋಣವೇ ಡಾಕ್ಟ್ರೇ?
– ಓದುಗರು, ಹಾವೇರಿ

ಉತ್ತರ: ಬಿಚ್ಚಿಸಬೇಡಿ. ಸ್ಪರ್ಶ ಕಳೆದುಕೊಂಡ ಅಂಗಾಲಿನ ಹುಣ್ಣಿಗೆ, ಮೇಲೆ ಬೀಳುವ ಭಾರವನ್ನು ತಪ್ಪಿಸುವುದೇ ಮುಖ್ಯ ಚಿಕಿತ್ಸೆ. ಆ ಕೆಲಸವನ್ನು ರೋಗಿ ತಾನೇ ಬಿಚ್ಚಿಡಲಾಗದ ಪ್ಲಾಸ್ಟರಿನಷ್ಟು ಚೆನ್ನಾಗಿ ಯಾವ ಚಪ್ಪಲಿಯೂ ಮಾಡುವುದಿಲ್ಲ. ಹುಣ್ಣು ಆಳಕ್ಕಿಳಿದು ಮೂಳೆಗೆ ಸೋಂಕು ತಗುಲಿದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾಗುತ್ತದೆ. ತಂದೆಯವರ ಮಟ್ಟಿಗೆ ಆ ಅಪಾಯವೇ ದೊಡ್ಡದು.

ಹಾಗೆಂದು ನಿಮ್ಮ ಆತಂಕ ಸುಳ್ಳಲ್ಲ. ಕಾಲಿನ ಆಳದ ಅಭಿಧಮನಿಗಳಲ್ಲಿರುವ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುವುದು ಮೀನಖಂಡದ ಸ್ನಾಯು. ಪ್ರತಿ ಹೆಜ್ಜೆಗೂ ಅದು ಹಿಂಡಿ ಬಿಡುವ ಪಂಪು. ಪ್ಲಾಸ್ಟರ್ ಪಾದದ ಕೀಲನ್ನು 90 ಡಿಗ್ರಿಯಲ್ಲಿ ಬಿಗಿಯುವುದರಿಂದ ಪಂಪಿನ ಶಕ್ತಿ ಅರ್ಧಂಬರ್ಧವಾಗುತ್ತದೆ, ರಕ್ತ ಕೆಳಗೆ ನಿಧಾನಿಸುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ತುಸು ಹೆಚ್ಚು. ಹುಣ್ಣಿನ ಸೋಂಕು ಅದನ್ನು ಇನ್ನಷ್ಟು ಏರಿಸುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಆದರೆ ಪಕ್ಕದ ಮನೆಯವರ ಪ್ಲಾಸ್ಟರಿಗೂ ತಂದೆಯವರದಕ್ಕೂ ವ್ಯತ್ಯಾಸವಿದೆ. ಮುರಿದ ಕಾಲಿನಲ್ಲಿ ಏಟಿನಿಂದ ರಕ್ತನಾಳದ ಒಳಪದರಕ್ಕೂ ಪೆಟ್ಟಾಗಿರುತ್ತದೆ, ವಾರಗಟ್ಟಲೆ ಕಾಲೂರುವಂತಿರುವುದಿಲ್ಲ. ತಂದೆಯವರದು ಊರಿ ನಡೆಯುವ ಪ್ಲಾಸ್ಟರ್. ನೆದರ್ಲೆಂಡ್ಸ್‌ನಲ್ಲಿ ಕಾಲಿಗೆ ಪೆಟ್ಟಾಗಿ ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡ ಸುಮಾರು 1,500 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಇಂಜೆಕ್ಷನ್ ಪಡೆದವರಲ್ಲಿ ಶೇ 1.4, ಪಡೆಯದವರಲ್ಲಿ ಶೇ 1.8 ಮಂದಿಗೆ ಲಕ್ಷಣ ತೋರುವ ಹೆಪ್ಪು ಕಾಣಿಸಿತು. ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ಅದು ಸಕ್ಕರೆ ಕಾಲಿನ ಅಧ್ಯಯನವಲ್ಲ, ಹಿಂದೆ ಹೆಪ್ಪು ಕಟ್ಟಿದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲೂ ಇಲ್ಲ. ಆದರೂ ಪ್ಲಾಸ್ಟರ್ ಕಂಡೊಡನೆ ಎಲ್ಲರಿಗೂ ಇಂಜೆಕ್ಷನ್ ಬರೆಯುವುದು ಸರಿಯಲ್ಲ ಎನ್ನಲು ಅಷ್ಟು ಸಾಕು.

ಹಾಗಾದರೆ ಯಾರಿಗೆ ಬೇಕು? ಹಿಂದೆ ಒಮ್ಮೆ ಹೆಪ್ಪು ಕಟ್ಟಿದ್ದವರು, ಒಡಹುಟ್ಟಿದವರಿಗೋ ಹೆತ್ತವರಿಗೋ ಕಟ್ಟಿದ್ದವರು, ಕ್ಯಾನ್ಸರ್ ಇರುವವರು, ಪಾರ್ಶ್ವವಾಯುವಿನಿಂದ ಕಾಲು ಸೋತವರು, ಬೆರಳು ತೆಗೆದ ಆಪರೇಷನ್ ಆಗಿ ಇನ್ನೂ ಹಾಸಿಗೆಯಲ್ಲೇ ಇರುವವರು, ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳುವವರು. 60 ದಾಟಿದ ವಯಸ್ಸು, ವಿಪರೀತ ತೂಕ, ಹೃದಯದ ದೌರ್ಬಲ್ಯ ಸೇರಿಕೊಂಡರೆ ತಕ್ಕಡಿ ಆ ಕಡೆ ವಾಲುತ್ತದೆ. ಇವುಗಳಲ್ಲಿ ತಂದೆಯವರಿಗೆ ವಯಸ್ಸೊಂದೇ ಇದ್ದು, ದಿನಾ ಎದ್ದು ಓಡಾಡುತ್ತಿದ್ದರೆ, ವೈದ್ಯರು ಇಂಜೆಕ್ಷನ್ ಬರೆಯದಿರುವುದು ಮರೆವಿನಿಂದಲ್ಲ. ಮೇಲಿನ ಯಾವುದಾದರೂ ಇದ್ದು ನೀವು ಹೇಳಿರದಿದ್ದರೆ ನಾಳೆಯೇ ಹೇಳಿ.

ಇಂಜೆಕ್ಷನ್ ಕೊಡುವುದಾದರೆ ಮೊದಲು ಕಿಡ್ನಿ ನೋಡಲೇಬೇಕು. ಈ ಇಂಜೆಕ್ಷನ್ನಿನ ಔಷಧವಾದ ಎನಾಕ್ಸಪರಿನ್‌ನ ಸಾಮಾನ್ಯ ಪ್ರಮಾಣ ದಿನಕ್ಕೆ 40 ಮಿಲಿಗ್ರಾಂ. ಅದು ಕಿಡ್ನಿಯ ಮೂಲಕ ಹೊರಹೋಗುವ ಔಷಧ. ಕಿಡ್ನಿ ರಕ್ತವನ್ನು ಎಷ್ಟು ಶೋಧಿಸುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಔಷಧ ಮೈಯಲ್ಲೇ ಉಳಿದು ರಕ್ತಸ್ರಾವವಾಗಬಹುದು, ಪ್ರಮಾಣ ಇಳಿಸಬೇಕಾಗುತ್ತದೆ. ಸಕ್ಕರೆ ಕಾಲಿನ ರೋಗಿಗಳಲ್ಲಿ ಬಳಲಿದ ಕಿಡ್ನಿ ಸಾಮಾನ್ಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕಣ್ಣಿನೊಳಗೆ ಇತ್ತೀಚೆಗೆ ರಕ್ತ ಸೋರಿದ್ದರೆ ಕಣ್ಣಿನ ಡಾಕ್ಟರನ್ನೂ ಕೇಳಬೇಕು. ಹೃದಯಕ್ಕೆಂದು ನುಂಗುವ ಆಸ್ಪಿರಿನ್ ಇದಕ್ಕೂ ಸಾಕೆಂದು ಸುಮ್ಮನಿರಬೇಡಿ. ಇಂಜೆಕ್ಷನ್ ನಡೆಯುವಾಗ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಿಸಲೂಬೇಡಿ.

ಪ್ರಶ್ನೆ: ಅಮ್ಮನಿಗೆ ಪಾದದಲ್ಲಿ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಹೆಪ್ಪು ಕಟ್ಟಿದರೆ ಮೀನಖಂಡ ನೋಯುತ್ತದೆ ಅನ್ನುತ್ತಾರೆ. ನೋವೇ ತಿಳಿಯದವರಲ್ಲಿ, ಅದೂ ಪ್ಲಾಸ್ಟರ್ ಒಳಗೆ, ಕಂಡುಹಿಡಿಯುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯಿದು. ನರಗಳು ಸೋತ ಕಾಲು ದೂರು ಹೇಳುವುದಿಲ್ಲ. ಅಲ್ಲಿ ನೋವು ಮಾಡಬೇಕಾದ ಕೆಲಸವನ್ನು ಮನೆಯವರ ಕಣ್ಣು, ಕೈ ಮತ್ತು ಒಂದು ಟೇಲರ್ ಟೇಪು ಮಾಡಬೇಕು.

ಪ್ಲಾಸ್ಟರ್ ಹಾಕಿದ ದಿನವೇ ಎರಡೂ ತೊಡೆಗಳ ಸುತ್ತಳತೆ ತೆಗೆಯಿರಿ. ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲಕ್ಕೆ ಪೆನ್ನಿನಿಂದ ಗುರುತು ಹಾಕಿ, ಮಲಗಿಸಿ, ಟೇಪನ್ನು ಬಿಗಿಯದೆ ಅಳೆಯಿರಿ. ದಿನಾ ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಏಳುವ ಮುಂಚೆಯೇ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಸಂಜೆ ಅಳೆದರೆ ದಿನದ ಊತವೂ ಸೇರಿ ಲೆಕ್ಕ ತಪ್ಪುತ್ತದೆ. ಪ್ಲಾಸ್ಟರ್ ಹಾಕಿದ ಕಡೆಯ ತೊಡೆ ಮಾತ್ರ ಒಂದೆರಡು ಸೆಂ.ಮೀ. ಏರಿ ಮರುದಿನವೂ ಇಳಿಯದಿದ್ದರೆ ಫೋನ್ ಮಾಡಿ.

ಆದರೆ ಮೀನಖಂಡದಲ್ಲೇ ನಿಂತ ಹೆಪ್ಪು ತೊಡೆಯನ್ನು ಊದಿಸುವುದಿಲ್ಲ. ಅದಕ್ಕೆ ಕಾಲ್ಬೆರಳುಗಳನ್ನು ನೋಡಬೇಕು, ಪ್ಲಾಸ್ಟರಿನ ಬಿಗಿ ನೋಡಬೇಕು. ನಿನ್ನೆ ಪ್ಲಾಸ್ಟರಿನ ಮೇಲಂಚಿನಲ್ಲಿ ಸಲೀಸಾಗಿ ತೂರುತ್ತಿದ್ದ ನಿಮ್ಮ ಕೈಬೆರಳು ಇವತ್ತು ತೂರದಿದ್ದರೆ, ಕಾಲನ್ನು ದಿಂಬಿನ ಮೇಲಿಟ್ಟು ಒಂದು ಗಂಟೆ ಕಳೆದರೂ ಸಡಿಲವಾಗದಿದ್ದರೆ ಒಳಗೆ ಏನೋ ಊದಿದೆ ಎಂದರ್ಥ. ಅದು ಹೆಪ್ಪಿರಬಹುದು, ಕೀವಿರಬಹುದು, ಪ್ಲಾಸ್ಟರೇ ಒತ್ತುತ್ತಿರಬಹುದು. ಮೂರಕ್ಕೂ ಉತ್ತರ ಒಂದೇ: ಅದೇ ದಿನ ಆಸ್ಪತ್ರೆಗೆ ಹೋಗಿ ಬಿಚ್ಚಿಸುವುದು. ಕಾಲ್ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ, ಕಾರಣವಿಲ್ಲದೆ ಶುಗರ್ ಏರಿದರೆ ಆಗಲೂ ಅಷ್ಟೇ.

ಮೊದಲ ವಾರದಲ್ಲಿ ಇದರ ಉಲ್ಟಾ ಆಗುವುದೇ ಹೆಚ್ಚು. ಊತ ಬೇಗ ಇಳಿದು ಪ್ಲಾಸ್ಟರ್ ಸಡಿಲವಾಗಿ, ನಡೆಯುವಾಗ ಕಾಲು ಒಳಗೆ ಮೇಲೆ ಕೆಳಗೆ ಜಾರಿ ಹೊಸ ಗಾಯ ಮಾಡುತ್ತದೆ. ಅದಕ್ಕೇ ಮೊದಲ ಪ್ಲಾಸ್ಟರನ್ನು ಎರಡು–ಮೂರು ದಿನದಿಂದ ಒಂದು ವಾರದೊಳಗೆ, ಆಮೇಲಿನವನ್ನು ಒಂದೆರಡು ವಾರಕ್ಕೊಮ್ಮೆ ಬದಲಿಸುವುದು. ಪ್ರತಿ ಬದಲಾವಣೆಯಲ್ಲೂ ಬರಿಗಾಲು ಸಿಗುತ್ತದೆ. ಮೀನಖಂಡದ ಅಳತೆ ತೆಗೆಯಿರೆಂದು ಆಗ ಕೇಳಿ. ಮಂಡಿಯ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಅಳೆದಾಗ ಆ ಕಾಲು ಇನ್ನೊಂದಕ್ಕಿಂತ 3 ಸೆಂ.ಮೀ.ಗೂ ಹೆಚ್ಚು ದಪ್ಪವಿದ್ದರೆ ವೈದ್ಯರು ಹೆಪ್ಪನ್ನು ಗಂಭೀರವಾಗಿ ಅನುಮಾನಿಸುತ್ತಾರೆ.

ಅನುಮಾನ ಬಂದಾಗ ಬೇಕಾದ್ದು ರಕ್ತನಾಳದೊಳಗಿನ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್. ಕಾಲನ್ನು ಪೂರ್ತಿ ನೋಡಲು ಪ್ಲಾಸ್ಟರ್ ಬಿಚ್ಚಲೇಬೇಕು. ಮೊನ್ನೆಯಷ್ಟೇ ಹಾಕಿಸಿದ್ದು, ದುಡ್ಡು ದಂಡ ಎಂದು ಹಿಂಜರಿಯಬೇಡಿ. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಯೊಂದನ್ನೇ ನಂಬುವುದು ಕಷ್ಟ: ಹುಣ್ಣು, ಸೋಂಕು ಇದ್ದವರಲ್ಲಿ ಹೆಪ್ಪಿಲ್ಲದೆಯೂ ಅದು ಏರಿರುತ್ತದೆ.

ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚಿದಂತಾಗುವುದು, ಕೆಮ್ಮಿದರೆ ರಕ್ತ, ಕಣ್ಣು ಕತ್ತಲೆ ಬಂದು ಬೀಳುವುದು – ಇವುಗಳಲ್ಲಿ ಒಂದಾದರೂ ಕಂಡರೆ ಕಾಲಿನ ಡಾಕ್ಟರಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಹೆಪ್ಪಲ್ಲದೆ ಹೃದಯಾಘಾತವೂ ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆ ಬರೀ ಏದುಸಿರಾಗಿ ಬರಬಹುದು.

ಪ್ರಶ್ನೆ: ಪ್ಲಾಸ್ಟರ್ ಇರುವಷ್ಟು ದಿನವೂ ಕಾಲು ಮೇಲಿಟ್ಟು ಮಲಗಿರಬೇಕೇ? ಇನ್ನೊಂದು ಕಾಲಿಗೆ ಬಿಗಿಯಾದ ಸಾಕ್ಸ್ ಹಾಕಿ, ತೊಡೆಗೆ ಬಿಸಿ ಎಣ್ಣೆ ತಿಕ್ಕಿದರೆ ರಕ್ತ ಓಡಾಡುತ್ತದಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಮಲಗಿಯೇ ಇರುವುದು ಹೆಪ್ಪಿಗೆ ಆಹ್ವಾನ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನೋವರಿಯದ ಪಾದಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್ 1960ರ ದಶಕದಲ್ಲಿ ಅಮೆರಿಕಕ್ಕೆ ಕೊಂಡೊಯ್ದು ಸಕ್ಕರೆ ಕಾಲಿಗೂ ಬಳಕೆಗೆ ತಂದ ಪ್ಲಾಸ್ಟರಿದು. ರೋಗಿ ನಡೆದಾಡುತ್ತಲೇ ಹುಣ್ಣು ಮಾಯಬೇಕು ಎಂಬುದೇ ಇದರ ಹಿಂದಿನ ಯೋಚನೆ. ಹಾಗೆಂದು ಸಂತೆ ಸುತ್ತುವಂತಿಲ್ಲ. ಎಂದಿನ ನಡಿಗೆಯ ಮೂರನೇ ಒಂದು ಭಾಗ ಸಾಕು. ಹಳೆಯ ಸುಣ್ಣದ ಪ್ಲಾಸ್ಟರ್ ಆಗಿದ್ದರೆ ಪೂರ್ತಿ ಒಣಗುವವರೆಗೆ, ಅಂದರೆ ಒಂದೆರಡು ದಿನ ಊರಬಾರದು. ಫೈಬರ್ ಆದರೆ ಅರ್ಧ ಗಂಟೆಯಲ್ಲೇ ಗಟ್ಟಿಯಾಗುತ್ತದೆ. ಪ್ಲಾಸ್ಟರ್ ಕಾಲು ಎತ್ತರವಾಗುವುದರಿಂದ ಇನ್ನೊಂದು ಕಾಲಿಗೆ ಅಷ್ಟೇ ದಪ್ಪ ಅಟ್ಟೆಯ ಚಪ್ಪಲಿ ಹಾಕಿಸಿ. ಇಲ್ಲದಿದ್ದರೆ ಸೊಂಟ ನೋಯುತ್ತದೆ, ಆಯ ತಪ್ಪಿ ಬೀಳುತ್ತಾರೆ.

ಕೂತಾಗ, ಮಲಗಿದಾಗ, ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ: ಪ್ಲಾಸ್ಟರಿನ ಬೆರಳುಗಳನ್ನು ಹತ್ತು ಸಲ ಮಡಚಿ ಬಿಡಿಸುವುದು, ಪ್ಲಾಸ್ಟರನ್ನು ಒಳಗಿನಿಂದ ಅಂಗಾಲಲ್ಲಿ ಒತ್ತುವಂತೆ ಮೀನಖಂಡ ಬಿಗಿದು ಐದು ಎಣಿಸಿ ಬಿಡುವುದು, ಮಂಡಿ ನೇರವಿಟ್ಟು ಕಾಲನ್ನು ಒಂದು ಗೇಣು ಎತ್ತಿ ಇಳಿಸುವುದು. ಒಳಗೆ ಕೀಲು ಅಲುಗದಿದ್ದರೂ ಸ್ನಾಯು ಬಿಗಿದರೆ ಪಂಪು ಕೆಲಸ ಮಾಡುತ್ತದೆ. ನೀರು ಕಡಿಮೆಯಾಗದಿರಲಿ. ಶುಗರ್ ಏರಿ ಪದೇಪದೇ ಮೂತ್ರ ಹೋದಾಗ ಮೈ ಒಣಗಿ ರಕ್ತ ಮಂದವಾಗುತ್ತದೆ, ನಿರ್ಜಲ ಉಪವಾಸವನ್ನು ಈಗ ಬಿಡಿ. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ.

ಬಿಗಿ ಸಾಕ್ಸ್ ಅನ್ನು ನೀವಾಗಿಯೇ ತಂದು ಹಾಕಬೇಡಿ. ಸಕ್ಕರೆ ಕಾಯಿಲೆಯಲ್ಲಿ ಕಾಲಿಗೆ ರಕ್ತ ತರುವ ಅಪಧಮನಿಗಳೇ ಕಟ್ಟಿಕೊಂಡಿರಬಹುದು, ಮೇಲಿಂದ ಬಿಗಿದರೆ ಬೆರಳು ಕಪ್ಪಾಗುತ್ತದೆ. ಕಾಲಿನ ಬಿಪಿ ನೋಡಿ ಸರಿಯಿದೆ ಅಂದರೂ ಸಾಲದು. ಗೋಡೆ ಸುಣ್ಣಗಟ್ಟಿದ ಅಪಧಮನಿ ಬಿಪಿ ಪಟ್ಟಿಯ ಬಿಗಿತಕ್ಕೆ ಮಣಿಯದೆ ಸುಳ್ಳು ಸಂಖ್ಯೆ ಕೊಡುತ್ತದೆ, ಕಾಲ್ಬೆರಳಿನ ರಕ್ತದೊತ್ತಡ ನೋಡಬೇಕು. ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ. ಹೆಪ್ಪಿದ್ದರೆ ತಿಕ್ಕಿದಾಗ ಕಳಚಬಹುದು, ಬಿಸಿ ತಿಳಿಯದ ಚರ್ಮ ಸುಡಬಹುದು.

ಪ್ರಶ್ನೆ: ಪಾದ ಊದಿ ಕೆಂಪಾಗಿತ್ತು. ಹೆಪ್ಪೆಂದು ಔಷಧ ಶುರು ಮಾಡಿ, ಡಾಪ್ಲರ್ ಸರಿಯಿದ್ದುದರಿಂದ ನಿಲ್ಲಿಸಿದರು. ಈಗ ಶಾರ್ಕೊ ಪಾದ ಎಂದು ಪ್ಲಾಸ್ಟರ್ ಹಾಕಿದ್ದಾರೆ. ಮಂಗಳೂರಿಗೆ ವಿಮಾನದಲ್ಲಿ ಬರಬಹುದೇ?
– ಓದುಗರು, ದುಬೈ

ಉತ್ತರ: ನರ ಸೋತ ಪಾದದ ಮೂಳೆ, ಕೀಲುಗಳು ನೋವು ತಿಳಿಯದೆಯೇ ಕುಸಿಯುವ ಶಾರ್ಕೊ ಪಾದವನ್ನು ಹೆಪ್ಪು, ಸೋಂಕು, ಗೌಟ್ ಎಂದು ತಪ್ಪು ತಿಳಿಯುವುದು ಆಗಾಗ ಆಗುತ್ತದೆ. ಶಾರ್ಕೊದಲ್ಲಿ ಊತ ಹೆಚ್ಚಾಗಿ ಪಾದದಲ್ಲಿರುತ್ತದೆ, ಆ ಪಾದದ ಚರ್ಮ ಇನ್ನೊಂದಕ್ಕಿಂತ 2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ. ಪ್ಲಾಸ್ಟರ್ ಹಾಕಿದ್ದು ಸರಿಯಾಗಿದೆ. ಇದಕ್ಕೆ ತಿಂಗಳುಗಳೇ ಬೇಕು.

ದುಬೈ–ಮಂಗಳೂರು ಮೂರೂವರೆ ಗಂಟೆ ಆಸುಪಾಸು. ಕದಲದೆ ಕೂತ ಪ್ರಯಾಣ ನಾಲ್ಕು ಗಂಟೆ ದಾಟಿದರೆ ಹೆಪ್ಪಿನ ಅಪಾಯ ಏರುತ್ತದೆ, ನಿಮ್ಮದು ಅದರ ಅಂಚಿನಲ್ಲಿದೆ. ಹೊಸ ಪ್ಲಾಸ್ಟರ್ ಹಾಕಿ 48 ಗಂಟೆ ಕಳೆಯುವ ಮುಂಚೆ ಹೊರಡಬೇಡಿ. ನಡುದಾರಿಯ ಪಕ್ಕದ ಸೀಟು ಕೇಳಿ, ಮೇಲೆ ಹೇಳಿದ ವ್ಯಾಯಾಮವನ್ನು ಅರ್ಧ ಗಂಟೆಗೊಮ್ಮೆ ಮಾಡಿ, ನಿದ್ದೆ ಮಾತ್ರೆ ಬೇಡ. ಹಿಂದೆಂದಾದರೂ ನಿಜವಾಗಿ ಹೆಪ್ಪು ಕಟ್ಟಿದ್ದರೆ, ಪ್ರಯಾಣಕ್ಕೆ ಮಾತ್ರ ಒಂದು ಇಂಜೆಕ್ಷನ್ ಬೇಕೇ ಎಂದು ಅಲ್ಲಿನ ವೈದ್ಯರನ್ನೇ ಕೇಳಿ. ವಿಮಾನದಿಂದ ಇಳಿದ ಮೇಲೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಡುವ ಯೋಚನೆಯಿದ್ದರೆ ಒಂದು ದಿನ ಮಂಗಳೂರಿನಲ್ಲೇ ತಂಗಿ. ತೊಡೆಯ ಅಳತೆಯನ್ನು ಊರಿಗೆ ಬಂದ ಮೇಲೂ ಕೆಲವು ವಾರ ಬರೆದಿಡುತ್ತಿರಿ.