ಒಂಬತ್ತನೇ ಕ್ಲಾಸಿಗೆ ಯಾವ ಕತೆ ಓದಿಸಲಿ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ವಾರಕ್ಕೊಂದು ಪೀರಿಯಡ್ ಪಠ್ಯದಾಚೆಯ ಸಾಹಿತ್ಯ ಓದಿಸಬೇಕು ಅಂತ ಆಸೆ. ಕೆಲವು ಮಕ್ಕಳು ಸರಾಗವಾಗಿ ಓದುತ್ತಾರೆ, ಕೆಲವರು ಇನ್ನೂ ಅಕ್ಷರ ಕೂಡಿಸುತ್ತಾರೆ. ನೀತಿಕತೆ ಕೊಟ್ಟರೆ ಆಕಳಿಸುತ್ತಾರೆ. ಜಾತಿ, ಪ್ರೀತಿ ಇರುವ ಕತೆ ಓದಿಸಿದರೆ ಪಾಲಕರು ಏನಂತಾರೋ ಅಂತ ಹೆದರಿಕೆ. ಹೇಗೆ ಆರಿಸಲಿ?

ಉತ್ತರ: ಮೇಡಂ, ಆಕಳಿಸುವ ಮಕ್ಕಳದ್ದು ತಪ್ಪೇನೂ ಇಲ್ಲ. ಸುಳ್ಳು ಹೇಳಬೇಡ, ದೊಡ್ಡವರ ಮಾತು ಕೇಳು ಅನ್ನುವುದನ್ನೆಲ್ಲ 14-15 ವರ್ಷಕ್ಕೆ ಕೇಳಿ ಕೇಳಿ ಸಾಕಾಗಿರುತ್ತದೆ. ಆರಿಸುವಾಗ ನಾನು ನೋಡುವುದು ಒಂದೇ: ಇದನ್ನು ಓದಿದ ಮೇಲೆ ಮಕ್ಕಳು ವಾದಕ್ಕೆ ಬೀಳುತ್ತಾರಾ? ಆಕೆ ಮಾಡಿದ್ದು ಸರಿ ಅಂತ ಒಬ್ಬ, ಅಲ್ಲವೇ ಅಲ್ಲ ಅಂತ ಇನ್ನೊಬ್ಬಳು ಎದ್ದು ನಿಂತರೆ ಅದು ಓದಿಸಬೇಕಾದ ಕತೆ.

ದೂರ ಹುಡುಕುವುದು ಬೇಡ. ನಿಮ್ಮ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನನ್ನೇ ತಗೊಳ್ಳಿ. ಮೈ ನೋಡಿ ಜನ ಹೆಣ್ಣು ಅಂತಾರೆ, ಗಂಡು ಅಂತಾರೆ, ಒಳಗೆ ಸುಳಿಯುವ ಆತ್ಮ ಮಾತ್ರ ಎರಡೂ ಅಲ್ಲ ಅನ್ನುವ ಪುಟ್ಟ ವಚನ ಇದೆಯಲ್ಲ, ಅದನ್ನು ಬೋರ್ಡಿನ ಮೇಲೆ ಬರೆಯಿರಿ. ಅಕ್ಷರ ಕೂಡಿಸಿ ಓದುವವರಿಗೂ ಅದು ಎಟಕುತ್ತದೆ. ಮೊದಲ ಮಾತಿಗೇ ಕಿಸಕ್ಕನೆ ನಗುತ್ತಾರೆ, ನಗಲಿ ಬಿಡಿ. ತಕ್ಷಣ ಅರ್ಥ ಹೇಳಿ ಮುಗಿಸಬೇಡಿ, ಸುಮ್ನೆ ಕಾಯಿರಿ. 'ಹಂಗಾದ್ರ ಮನ್ಯಾಗ ಭಾಂಡೆ ತಿಕ್ಕೋದು ಬರೇ ನಾವೇ ಯಾಕ್ರಿ ಟೀಚರ್?' ಅಂತ ಒಬ್ಬ ಹುಡುಗಿ ಕೇಳಿದರೆ ಆ ಪೀರಿಯಡ್ ಸಾರ್ಥಕ.

ಉದ್ದದ ಬಗ್ಗೆ ಒಂದು ಮಾತು. ಹತ್ತಿ ಬಿಡಿಸುವಾಗ, ತೊಗರಿ ರಾಶಿ ಹೊತ್ತಿನಲ್ಲಿ ಕ್ಲಾಸು ಎಷ್ಟು ಖಾಲಿಯಾಗುತ್ತದೆ ಅಂತ ನಿಮಗೇ ಗೊತ್ತು, ಕೆಲವು ಮಕ್ಕಳಂತೂ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಪುಣೆಗೋ ಹೋಗಿಬಿಟ್ಟಿರುತ್ತಾರೆ. ಇಡೀ ಕಾದಂಬರಿಯನ್ನು ಕಂತು ಕಂತಾಗಿ ಓದಿಸಿದರೆ ನಡುವೆ ತಪ್ಪಿಸಿಕೊಂಡವರಿಗೆ ಎಳೆ ಸಿಗುವುದಿಲ್ಲ. ಗಟ್ಟಿಯಾಗಿ ಓದಿದರೆ 15 ನಿಮಿಷದಲ್ಲಿ ಮುಗಿಯುವಂಥದ್ದು ಇರಲಿ, ಉಳಿದ ಹೊತ್ತು ಮಾತಿಗೆ. ಮೊದಲ ಸಲ ನೀವೇ ಓದಿ. ತಡವರಿಸುವ ಹುಡುಗನನ್ನು ಎಲ್ಲರ ಎದುರು ನಿಲ್ಲಿಸಿ ಓದಿಸಿದರೆ ಅವನಿಗೂ ಕಷ್ಟ, ಕತೆಯೂ ಸಾಯುತ್ತದೆ.

ಭಾಷೆಯೂ ಮುಖ್ಯ. ನಮ್ಮ ಮಕ್ಕಳಿಗೆ ತಮ್ಮ ಮಾತು ಅಂದರೆ ತಪ್ಪು ಕನ್ನಡ ಅನ್ನುವ ಭಾವನೆ ಆಳವಾಗಿ ಕೂತಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಅದಕ್ಕೇ ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಯಿಂದ ಎರಡು ಮೂರು ಪುಟ ಓದಿ. ನಮ್ಮ ಕಡೆಯ ಬಡವರ ಮಾತಿನಲ್ಲೇ ಬರೆದ ಆ ಪುಸ್ತಕಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂತಲೂ ಹೇಳಿ. ಎಲ್ಲ ಭಾಗವೂ ಈ ವಯಸ್ಸಿಗೆ ಹೊಂದುವುದಿಲ್ಲ, ಮೊದಲು ಪೂರ್ತಿ ನೀವು ಓದಿಕೊಳ್ಳಿ.

ಹಾಗಂತ ಬರೀ ನಮ್ಮೂರಿನದ್ದೇ ಬೇಡ. ತೇಜಸ್ವಿಯವರ 'ಕರ್ವಾಲೊ' ನಡೆಯುವುದು ಮಲೆನಾಡಿನಲ್ಲಿ, ನಮ್ಮ ಮಕ್ಕಳು ಅಂಥ ಕಾಡು ಕಂಡಿರುವುದಿಲ್ಲ. ಆದರೆ ಹೆಚ್ಚು ಓದದ ಮಂದಣ್ಣನಿಗೆ ಕಾಡಿನ ಬಗ್ಗೆ ಇರುವ ತಿಳಿವಳಿಕೆಯನ್ನು ದೊಡ್ಡ ವಿಜ್ಞಾನಿ ಗೌರವಿಸುವುದು ಅವರಿಗೆ ಬೇಗ ತಾಗುತ್ತದೆ. ಒಂದು ಭಾಗ ಓದಿ, ಪುಸ್ತಕವನ್ನು ಮೇಜಿನ ಮೇಲೆ ಬಿಡಿ, ಬೇಕಾದವರು ಒಯ್ಯಲಿ.

ಪಾಲಕರ ವಿಚಾರ. ಜಾತಿ, ಪ್ರೀತಿ ಮಕ್ಕಳಿಗೆ ಗೊತ್ತಿಲ್ಲದ ವಿಷಯಗಳಾ? ಊರಲ್ಲಿ ದಿನಾ ನೋಡುತ್ತಾರೆ. ಕ್ಲಾಸಿನಲ್ಲಿ ನೀವಿರುತ್ತೀರಿ, ಸಮಾಧಾನದಿಂದ ಮಾತಾಡಬಹುದು. ಆದರೆ ಕದ್ದು ಓದಿಸಬೇಡಿ. ಹೆಡ್‌ಮಾಸ್ಟರಿಗೆ ಮೊದಲೇ ಪ್ರತಿ ಕೊಡಿ, ಯಾಕೆ ಆರಿಸಿದ್ದೀರಿ ಅಂತ ಹೇಳಿ. ಪಾಲಕರು ಬಂದರೆ ಕೂಡಿಸಿ ಆ ಕತೆಯನ್ನೇ ಓದಿ ಹೇಳಿ. ಒಂದು ಜಾತಿಯ ಮಗುವನ್ನು ಉಳಿದವರು ತಿರುಗಿ ನೋಡುವ ಹಾಗೆ ಮಾಡುವ ಕತೆಯಾದರೆ ಮಾತ್ರ, ಅದು ಎಷ್ಟೇ ಒಳ್ಳೆಯದಿರಲಿ, ಮಕ್ಕಳು ನಿಮ್ಮನ್ನು ನಂಬುವವರೆಗೆ ತಡೆಯಿರಿ.

ಕೊನೆಗೊಂದು: ಈ ಪೀರಿಯಡ್‌ನಲ್ಲಿ ಸಾರಾಂಶ ಬರೆಸಬೇಡಿ, ಅಂಕ ಹಾಕಬೇಡಿ. ತಾಂಡಾದ ಮಕ್ಕಳಿದ್ದರೆ ಅಜ್ಜಿ ಹೇಳಿದ ಲಂಬಾಣಿ ಕತೆಯನ್ನೂ ಒಂದು ವಾರ ಹೇಳಿಸಿ. ಎರಡು ತಿಂಗಳಾದ ಮೇಲೆ ಮೂರು ಕತೆಗಳ ಮೊದಲ ಪ್ಯಾರಾ ಓದಿ ಹೇಳಿ, ಮುಂದಿನ ವಾರದ್ದನ್ನು ಅವರೇ ಕೈ ಎತ್ತಿ ಆರಿಸಲಿ.